ದಾರಿ ತೋರಿಸುವವನ ಹೊಣೆ

ವರುಷ ವರುಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲವು ಹೊರಬಿದ್ದ ದಿವಸಗಳಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಹಳ್ಳಿಗಳೊಳಗೆ ಒಂದೇ ಪ್ರಶ್ನೆಯು ಮನೆಮನೆಯಲ್ಲಿ ಕೇಳಬರುವದು. ‘ಇನ್ನು ಮುಂದೇನು?’ ಎಂಬದೇ ಆ ಪ್ರಶ್ನೆ. ತಂದೆಯು ಅದನ್ನು ಮಗನಿಗೆ ಕೇಳುತ್ತಾನೆ. ಮಗನು ಹೈಸ್ಕೂಲಿನ ಮಾಸ್ತರರಿಗೆ ಕೇಳುತ್ತಾನೆ. ಮಾಸ್ತರರು ದೊರೆಯದಿದ್ದರೆ ಸಭೆಯ ಉಪದೇಶಿಗಳಿಗಾದರೂ, ಪಟ್ಟಣದಲ್ಲಿ ನೌಕರಿ ಮಾಡುವ ನೆಂಟನಿಗಾದರೂ ಕೇಳುತ್ತಾನೆ. ಕೇಳಲ್ಪಟ್ಟವರು ಅರ್ಧ ಗಳಿಗೆಯೊಳಗೆ ಏನಾದರೊಂದು ಉತ್ತರವನ್ನು ಕೊಟ್ಟುಬಿಡುವರು. ಆ ಅರ್ಧ ಗಳಿಗೆಯ ಮಾತು ಕೇಳಿದವನ ನಾಲ್ವತ್ತು ವರುಷಗಳ ದುಡಿಮೆಯನ್ನು ನಿರ್ಣಯಿಸುವದುಂಟು.

ಪ್ರಿಯ ವಾಚಕರೇ, ಇದು ಬರಿಯ ಶಾಲೆಯ ಮಾತು, ನಮ್ಮ ಆತ್ಮಸಾಕ್ಷಿಗೆ ಸಂಬಂಧಪಟ್ಟದ್ದಲ್ಲ ಎಂದು ಕೆಲವರು ಎಣಿಸಬಹುದು. ನಾವು ಹಾಗೆ ಎಣಿಸುವದಿಲ್ಲ. ಒಬ್ಬನ ಹೊಲದ ಬಾಂದಗಲ್ಲನ್ನು ಸರಿಸುವದು ಅನ್ಯಾಯವೆಂದು ನಾವೆಲ್ಲರೂ ಬಲ್ಲೆವು. ಆದರೆ ಒಂದು ಮಗುವಿನ ಮುಂದಿನ ಜೀವಿತದ ಎಲ್ಲೆಯನ್ನು ಒಂದು ಅಲಕ್ಷ್ಯದ ಮಾತಿನಿಂದ ಒಳಕ್ಕೆ ಸರಿಸಿಬಿಟ್ಟರೆ ಅದನ್ನು ಅನ್ಯಾಯವೆಂದು ಎಣಿಸುವವರು ಎಷ್ಟು ಮಂದಿ? ಆದದರಿಂದ ದಾರಿಯನ್ನು ಕೇಳುವ ಮಗುವಿಗೆ ದಾರಿ ತೋರಿಸುವವನ ಹೊಣೆ ಯಾವದು, ಅವನ ಅಧಿಕಾರವು ಎಲ್ಲಿಯ ವರೆಗೆ ಸಲ್ಲುವದು, ಅವನಿಗೆ ನಾವು ಮಾಡತಕ್ಕ ಸಹಾಯವೇನು ಎಂಬದನ್ನು ಈ ಸಾರಿ ವಿಚಾರಿಸುವೆವು.

ನಮ್ಮ ಅಜ್ಜಂದಿರ ಕಾಲದಲ್ಲಿ ಈ ಪ್ರಶ್ನೆಯೇ ಇದ್ದಿಲ್ಲ. ನೇಕಾರನ ಮಗನು ಮಗ್ಗದ ಕುಣಿಗೆ ಇಳಿದನು; ಕಮ್ಮಾರನ ಮಗನು ತಿದಿಯನ್ನು ಊದಿದನು; ತೊಗಲು ಹದಮಾಡುವವನ ಮಗನು ತೊಗಲನ್ನೇ ಹದಮಾಡಿದನು. ಹುಟ್ಟಿದ ಮನೆಯೇ ಉತ್ತರವನ್ನು ಕೊಟ್ಟುಬಿಟ್ಟಿತ್ತು. ಹೀಗೆ ತಂದೆಯಿಂದ ಮಗನಿಗೆ ಬಂದ ಕೈಚಳಕದಲ್ಲಿ ಒಳ್ಳೇದೂ ಇತ್ತೆಂಬದನ್ನು ಒಪ್ಪಿಕೊಳ್ಳತಕ್ಕದ್ದು. ಆದರೆ ಯಾವ ಮಗುವಿಗಾದರೂ ‘ನಿನ್ನ ಮನಸ್ಸೇನು, ನಿನ್ನ ಶಕ್ತಿಯೇನು?’ ಎಂದು ಯಾರೂ ಕೇಳಲಿಲ್ಲ. ಕೇಳದೆ ಒಬ್ಬರ ಜೀವಿತವನ್ನು ನಿರ್ಣಯಿಸುವದು ಎಷ್ಟು ಘೋರವಾಗಬಹುದೆಂಬದಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿಯುಂಟು. ಸವದತ್ತಿಯ ಗುಡ್ಡದ ಹೆಸರಿನಲ್ಲಿ ಎಷ್ಟೋ ತಲೆಮಾರುಗಳ ವರೆಗೆ ಬಡವರ ಹೆಣ್ಣುಮಕ್ಕಳು, ಬಹುತರವಾಗಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು, ತಿಳುವಳಿಕೆ ಬರುವ ಮುಂಚೆಯೇ ದೇವದಾಸಿಯರಾಗಿ ಬಿಡಲ್ಪಟ್ಟರು. ಮುಂಬೈ ಸರಕಾರವು ೧೯೩೪ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಕರ್ನಾಟಕ ಸರಕಾರವು ೧೯೮೨ರಲ್ಲಿ ಇನ್ನೊಂದನ್ನು ಮಾಡಿ ಹಾಗೆ ಬಿಡುವದನ್ನು ದಂಡನೆಗೆ ಗುರಿಯಾದ ಅಪರಾಧವೆಂದು ಸಾರಿತು. ಆ ಮಕ್ಕಳಿಗೆ ಆದ ಅನ್ಯಾಯದ ಬೇರು ಯಾವದು? ಅವರು ಏನಾಗಬೇಕೆಂಬದನ್ನು ಅವರ ಬಡತನವೂ ಹುಟ್ಟೂ ಕೂಡಿ ನಿರ್ಣಯಿಸಿದವು, ಅವರನ್ನು ಕೇಳಲಿಲ್ಲ ಎಂಬದೇ.

ಈಗ ಕಾಯಿದೆಯು ಬದಲಾಯಿತು. ಶಾಲೆಯ ಬಾಗಿಲು ಎಲ್ಲರಿಗೂ ತೆರೆಯಿತು. ಆದರೆ ಹಳೆಯ ಉತ್ತರವು ಹೊಸ ಬಟ್ಟೆಯನ್ನು ಹಾಕಿಕೊಂಡು ಶಾಲೆಯೊಳಗೇ ಬರುವದುಂಟು. ಇಬ್ಬರು ಹುಡುಗರು ಒಂದೇ ವರ್ಗದಲ್ಲಿ ಕಲಿತು ಸರಿಸಮನಾಗಿ ಗುಣಗಳನ್ನು ಪಡೆದರೆಂದು ಭಾವಿಸೋಣ. ಒಬ್ಬನ ತಂದೆಯು ಪೇಟೆಯಲ್ಲಿ ಅಂಗಡಿಯುಳ್ಳವನು. ಇನ್ನೊಬ್ಬನ ತಂದೆಯು ಕಬ್ಬು ಕಡಿಯಲು ಹೋಗುವವನು. ಮೊದಲನೆಯವನಿಗೆ ‘ಸಾಯನ್ಸ್ ತೆಗೆದುಕೋ’ ಎಂದು ಹೇಳಿದ ಬಾಯಿಯೇ ಎರಡನೆಯವನಿಗೆ ‘ನಿಮ್ಮಂಥವರಿಗೆ ಏನಾದರೂ ಕೈಕೆಲಸ ಸಾಕು, ಬೇಗ ದುಡಿಯಲು ಹತ್ತು’ ಎಂದು ಹೇಳಿದರೆ, ಹೇಳಿದವನು ತಾನು ದಯೆಯನ್ನೇ ತೋರಿಸಿದೆನೆಂದು ನಂಬಬಹುದು. ಹುಡುಗನೂ ನಂಬಿ ಕೈಮುಗಿದು ಹೋಗಬಹುದು. ಆದರೆ ಅಲ್ಲಿ ನಡೆದದ್ದೇನು? ಹುಡುಗನನ್ನು ನೋಡದೆ ಅವನ ಮನೆಯನ್ನು ನೋಡಿ ಉತ್ತರ ಕೊಟ್ಟದ್ದಾಯಿತು. ‘ನಿಮ್ಮಂಥವರಿಗೆ’ ಎಂಬ ಆ ಒಂದು ಮಾತಿನಲ್ಲಿ ಜಾತಿಯ ಹಳೆಯ ಕಟ್ಟಳೆಯೆಲ್ಲಾ ಅಡಗಿಕೊಂಡಿದೆ. ಆ ಮಾತನ್ನು ಹೆಚ್ಚಾಗಿ ಕೇಳಿದವರು ಯಾರೆಂಬದನ್ನು ನಮ್ಮ ಸಭೆಗಳ ಹಿರಿಯರಿಗೆ ನಾವು ಹೇಳಬೇಕಾಗಿಲ್ಲ.

ಇದಕ್ಕೆ ಪ್ರತ್ಯುತ್ತರವಾಗಿ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆಯನ್ನು ಹೇಳುವವರುಂಟು. ಗಾದೆಯು ಸುಳ್ಳಲ್ಲ, ಸಾಲಮಾಡಿ ಮದುವೆಯ ಊಟ ಹಾಕುವವನಿಗೆ ಅದು ಬಹು ಒಳ್ಳೇ ಬುದ್ಧಿ. ಆದರೆ ಬೆಳೆಯುವ ಮಗುವಿಗೆ ಅದನ್ನು ಹೇಳುವದು ಸರಿಯೋ? ಮಗುವಿನ ಕಾಲು ವರುಷ ವರುಷಕ್ಕೂ ಉದ್ದವಾಗುವದು. ಹಾಸಿಗೆಯನ್ನು ಉದ್ದಮಾಡುವದು ಹಿರಿಯರ ಕೆಲಸವೇ ಹೊರತು, ಹಾಸಿಗೆಗೆ ತಕ್ಕಂತೆ ಕಾಲನ್ನು ಮಡಿಚಿಸುವದಲ್ಲ.

ಆದರೆ ಈ ತಪ್ಪಿಗೆ ಎದುರಾಗಿ ಇನ್ನೊಂದು ತಪ್ಪುಂಟು. ಅದೂ ಇದರಷ್ಟೇ ಕೇಡುಮಾಡುವದು. ಯಾವ ಮಗುವು ಬಂದು ಕೇಳಿದರೂ, ‘ಡಾಕ್ಟರನಾಗು, ಇಂಜಿನಿಯರನಾಗು, ಕೆ.ಎ.ಎಸ್. ಅಧಿಕಾರಿಯಾಗು, ಮನಸ್ಸಿದ್ದರೆ ಯಾವದೂ ಅಸಾಧ್ಯವಲ್ಲ’ ಎಂದು ಬೆನ್ನು ತಟ್ಟಿ ಕಳುಹಿಸುವದೇ ಅದು. ಇಂಥ ಮಾತು ಕಿವಿಗೆ ಇಂಪಾದದ್ದು, ಹೇಳಿದವನಿಗೂ ಒಳ್ಳೇ ಹೆಸರು ಬರುವದು. ಆದರೆ ಆ ದಾರಿಯಲ್ಲಿ ಎಷ್ಟು ವರುಷ ಹಿಡಿಯುವದು, ಯಾವ ಪರೀಕ್ಷೆಗಳುಂಟು, ಎಷ್ಟು ರೊಕ್ಕ ಬೇಕು, ಒಂದು ವೇಳೆ ತಪ್ಪಿದರೆ ಪಕ್ಕದಲ್ಲಿ ಯಾವ ದಾರಿಯುಂಟು ಎಂಬದನ್ನು ಹೇಳದೆ ಕಳುಹಿಸಿದರೆ, ಅದು ನೀರಿನ ಆಳವನ್ನು ಹೇಳದೆ ಮಲಪ್ರಭೆಯನ್ನು ದಾಟಲು ಹೇಳಿದಂತಾಗುವದು. ಮನಸ್ಸಿಲ್ಲದ ಶಾಸ್ತ್ರವನ್ನು ತೆಗೆದುಕೊಂಡು ಪಿ.ಯು.ಸಿ.ಯಲ್ಲಿ ತಪ್ಪಿ ಊರಿಗೆ ತಿರುಗಿ ಬಂದು, ‘ನಾನು ದಡ್ಡನು’ ಎಂದು ತನ್ನನ್ನು ತಾನೇ ಹಳಿದುಕೊಂಡು ಕಟ್ಟೆಯ ಮೇಲೆ ಕೂತಿರುವ ಹುಡುಗರು ಯಾವ ಊರಲ್ಲಿ ಇಲ್ಲ? ಅವರಲ್ಲಿ ಬಹು ಮಂದಿ ದಡ್ಡರಲ್ಲ. ದಾರಿಯನ್ನು ತಿಳಿಯದೆ ಹೊರಟವರು.

ಹೀಗೆ ಕಿರಿದುಮಾಡುವ ಮಾತೂ ತಪ್ಪು, ಉಬ್ಬಿಸುವ ಮಾತೂ ತಪ್ಪು. ಎರಡರ ಮೂಲವೂ ಒಂದೇ. ಎರಡರಲ್ಲಿಯೂ ಸಲಹೆ ಕೊಡುವವನು ಮಗುವನ್ನು ತಿಳಿಯುವ ಶ್ರಮವನ್ನೂ ಕೆಲಸವನ್ನು ತಿಳಿಯುವ ಶ್ರಮವನ್ನೂ ತಪ್ಪಿಸಿಕೊಂಡಿರುತ್ತಾನೆ.

ಅಮೇರಿಕದ ಬಾಸ್ಟನ್ ಪಟ್ಟಣದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವನು ೧೯೦೮ರಲ್ಲಿ, ಕೆಲಸವನ್ನು ಹುಡುಕಿಕೊಂಡು ಪಟ್ಟಣಕ್ಕೆ ಬಂದ ಬಡ ಹುಡುಗರಿಗೆ ದಾರಿ ಹೇಳುವದಕ್ಕಾಗಿ ಒಂದು ಕಚೇರಿಯನ್ನು ತೆರೆದನು. ಅದೇ ವರುಷ ಅವನು ತೀರಿಹೋದನು. ಅವನ ಪುಸ್ತಕವು ೧೯೦೯ರಲ್ಲಿ ಅಚ್ಚಾಯಿತು. ಅವನು ಕಲಿಸಿದ್ದರ ಸಾರವು ಮೂರು ಸಂಗತಿಗಳಲ್ಲಿ ಅಡಗಿದೆ. ಒಬ್ಬನು ಮೊದಲು ತನ್ನನ್ನು ತಾನು ತಿಳಿಯಬೇಕು. ಎರಡನೆಯದಾಗಿ ಕೆಲಸಗಳ ನಿಜಸ್ಥಿತಿಯನ್ನು ತಿಳಿಯಬೇಕು. ಮೂರನೆಯದಾಗಿ ಇವೆರಡನ್ನೂ ಎದುರುಬದುರಿಟ್ಟು ತಾನೇ ಯೋಚಿಸಬೇಕು. ನೂರು ವರುಷಗಳಿಗೆ ಹೆಚ್ಚಾದರೂ ಈ ಕ್ರಮಕ್ಕಿಂತ ಮೇಲಾದದ್ದನ್ನು ನಾವು ಕಾಣೆವು. ಇದರಲ್ಲಿ ಸಲಹೆ ಕೊಡುವವನ ಸ್ಥಾನವನ್ನು ನೋಡಿರಿ. ಅವನು ತೀರ್ಪು ಹೇಳುವವನಲ್ಲ. ಮಗುವು ತನ್ನನ್ನು ತಿಳಿಯುವಂತೆಯೂ ಕೆಲಸವನ್ನು ತಿಳಿಯುವಂತೆಯೂ ದೀಪ ಹಿಡಿಯುವವನು. ಕಾಲಿಡತಕ್ಕವನು ಮಗುವೇ.

ನಮ್ಮ ದೇಶದಲ್ಲಿ ೧೯೫೨ರಲ್ಲಿ ನೇಮಿಸಲ್ಪಟ್ಟ ಮುದಲಿಯಾರ್ ಆಯೋಗವು ಮರು ವರುಷ ಕೊಟ್ಟ ವರದಿಯಲ್ಲಿ, ಹೈಸ್ಕೂಲುಗಳಲ್ಲಿ ಮಕ್ಕಳಿಗೆ ವೃತ್ತಿಯ ವಿಷಯವಾಗಿ ದಾರಿ ತೋರಿಸಲು ತರಬೇತಾದವರು ಇರಬೇಕೆಂದು ಹೇಳಿತು. ಆಗ ಬೆಳಗಾವಿ ಜಿಲ್ಲೆಯು ಇನ್ನೂ ಮುಂಬೈ ಪ್ರಾಂತದಲ್ಲಿಯೇ ಇತ್ತು. ಆ ಮಾತು ಹೇಳಲ್ಪಟ್ಟು ಎಪ್ಪತ್ತು ವರುಷಗಳ ಮೇಲಾಯಿತು. ಹಳ್ಳಿಯ ಹೈಸ್ಕೂಲಿನಲ್ಲಿಯಾದರೋ ಸಾಮಾನ್ಯವಾಗಿ ಗಣಿತದ ಮಾಸ್ತರರೋ ಕನ್ನಡದ ಬಾಯಿಯವರೋ ತಮ್ಮ ಪಾಠಗಳ ಮೇಲೆ ಈ ಭಾರವನ್ನೂ ಹೊರುತ್ತಾರೆ. ಅವರು ತಾವೇ ಶಾಲೆಯಿಂದ ಕಾಲೇಜಿಗೂ ಕಾಲೇಜಿನಿಂದ ತಿರುಗಿ ಶಾಲೆಗೂ ಬಂದವರು. ಫೌಂಡ್ರಿಯ ಕೆಲಸ ಎಂಥದು, ದವಾಖಾನೆಯಲ್ಲಿ ರಾತ್ರಿಪಾಳಿ ಎಂಥದು, ಲೈನ್‌ಮನ್ನನ ಅಪಾಯವೇನು ಎಂಬದನ್ನು ಅವರು ಎಲ್ಲಿಂದ ತಿಳಿಯಬೇಕು? ಆದದರಿಂದ ಅವರನ್ನು ದೂರುವ ಮೊದಲು ಅವರಿಗೆ ಸಹಾಯಮಾಡುವದು ನ್ಯಾಯವಾಗಿದೆ.

ಅವರು ಅವಶ್ಯವಾಗಿ ತಿಳಿದಿರಬೇಕಾದದ್ದು ಯಾವದೆಂದರೆ, ಯಾವ ದಾರಿಯಿಂದ ಯಾವ ದಾರಿಗೆ ಹೋಗಬಹುದು, ಯಾವ ಬಾಗಿಲು ಒಮ್ಮೆ ಮುಚ್ಚಿದರೆ ತಿರುಗಿ ತೆರೆಯುವದು ಕಷ್ಟ ಎಂಬದೇ. ಕೆಲವು ದೃಷ್ಟಾಂತಗಳನ್ನು ಕೊಡುವೆವು. ಡಾಕ್ಟರರಾಗಬೇಕಾದವರು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಕಲಿತು ನೀಟ್ ಎಂಬ ಪರೀಕ್ಷೆಯನ್ನು ಕೊಡಬೇಕು. ಕಲಾ ವಿಭಾಗವನ್ನು ಹಿಡಿದವರಿಗೆ ಆ ಬಾಗಿಲು ಮುಚ್ಚುವದು. ನಾಲ್ಕು ವರುಷಗಳ ಬಿ.ಎಸ್ಸಿ. ನರ್ಸಿಂಗಿಗೂ ವಿಜ್ಞಾನವೇ ಬೇಕು. ಆದರೆ ಮೂರು ವರುಷಗಳ ಜಿ.ಎನ್.ಎಂ. ಎಂಬ ನರ್ಸಿಂಗ್ ಶಿಕ್ಷಣಕ್ಕೆ ಕಲಾ ವಿಭಾಗದವರೂ ಸೇರಬಹುದು. ಹತ್ತನೇ ವರ್ಗದ ತರುವಾಯ ಐ.ಟಿ.ಐ.ಯಲ್ಲಿ ಫಿಟ್ಟರ್ ಇಲ್ಲವೆ ಇಲೆಕ್ಟ್ರಿಶಿಯನ್ ಕೆಲಸವನ್ನು ಎರಡು ವರುಷ ಕಲಿತವನು ಅಲ್ಲಿಗೇ ನಿಲ್ಲಬೇಕಾಗಿಲ್ಲ. ಅವನು ಪಾಲಿಟೆಕ್ನಿಕಿನ ಎರಡನೇ ವರುಷಕ್ಕೆ ಸೇರಬಹುದು. ಪಾಲಿಟೆಕ್ನಿಕಿನ ಮೂರು ವರುಷಗಳ ಡಿಪ್ಲೊಮಾ ಮುಗಿಸಿದವನು ಇಂಜಿನಿಯರಿಂಗಿನ ಎರಡನೇ ವರುಷಕ್ಕೆ ಪ್ರವೇಶ ಪರೀಕ್ಷೆಯ ಮೂಲಕ ಹೋಗಬಹುದು. ಹೀಗಿರಲಾಗಿ ಕೈಕೆಲಸದ ದಾರಿಯು ಕೀಳಾದವರ ಕೊನೆಯ ದಾರಿ ಎಂದು ಹೇಳುವದು ಬರಿಯ ಅಜ್ಞಾನ. ೧೯೬೧ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಾರ್ಖಾನೆಯಲ್ಲಿ ಕೆಲಸ ಕಲಿಯುವವನಿಗೆ ಕಲಿಯುವ ಕಾಲದಲ್ಲಿಯೂ ವೇತನವುಂಟು. ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿಯೂ, ಹತ್ತರಗಿಯ ಬಳಿಯಲ್ಲಿ ವಿಮಾನದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಗಳಲ್ಲಿಯೂ ಬೇಕಾಗುವದು ಇಂಥ ನಿಖರವಾದ ಕೈಗಳೇ.

ಸೈನ್ಯಕ್ಕೆ ಸೇರಲು ಓಟದ ಅಭ್ಯಾಸ ಮಾಡುವ ಹುಡುಗರು ಈ ತಾಲೂಕುಗಳಲ್ಲಿ ಬಹಳ. ೧೮೨೪ರಲ್ಲಿ ಆಂಗ್ಲರೊಡನೆ ಹೋರಾಡಿದ ಚೆನ್ನಮ್ಮ ರಾಣಿಯ ಸೀಮೆಯಲ್ಲಿ ಇದು ಆಶ್ಚರ್ಯವಲ್ಲ. ಅಂಥ ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಆದರೆ ೨೦೨೨ರಿಂದ ನಡೆಯುತ್ತಿರುವ ಅಗ್ನಿವೀರ ಕ್ರಮದಲ್ಲಿ ಸೇವೆಯು ನಾಲ್ಕು ವರುಷಗಳದೆಂದೂ, ಆ ಬಳಿಕ ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚಲ್ಲದ ಮಂದಿಯನ್ನು ಮಾತ್ರ ಉಳಿಸಿಕೊಳ್ಳುವ ನಿಯಮವೆಂದೂ ಆ ಹುಡುಗನಿಗೆ ಮುಂಚಿತವಾಗಿ ಹೇಳಿದವರು ಯಾರು? ಹೇಳಿದರೆ ಅವನು ಸೇರದೆ ಇರುವನೆಂದಲ್ಲ. ಸೇರಿ, ನಾಲ್ಕು ವರುಷಗಳ ತರುವಾಯ ಏನು ಮಾಡಬೇಕೆಂದು ಮೊದಲೇ ಯೋಚಿಸುವನು.

ಪರೀಕ್ಷೆಯಲ್ಲಿ ತಪ್ಪಿದವರನ್ನು ನಾವು ಮರೆಯಬಾರದು. ಸಲಹೆಯು ಅವರಿಗೇ ಹೆಚ್ಚಾಗಿ ಬೇಕು, ಅವರಿಗೇ ಕಡಿಮೆಯಾಗಿ ಸಿಕ್ಕುವದು. ೨೦೨೪ರಿಂದ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರುಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಕ್ರಮವು ಬಂದಿದೆ. ಇದನ್ನು ತಿಳಿಯದೆ ಮೊದಲನೆಯ ಪರೀಕ್ಷೆಯಲ್ಲಿ ತಪ್ಪಿದ ವಾರದಲ್ಲಿಯೇ ಮಗುವನ್ನು ಗೋವೆಗೋ ಪುಣೆಗೋ ಕೂಲಿಗೆ ಕಳುಹಿಸಿದರೆ, ಒಂದು ಪತ್ರಿಕೆಯಲ್ಲಿ ತಪ್ಪಿದ ತಪ್ಪಿಗೆ ಇಡೀ ಜೀವಿತವನ್ನೇ ದಂಡವಾಗಿ ತೆಗೆದುಕೊಂಡಂತಾಗುವದು.

ಇನ್ನು ಬಡತನದ ಮಾತು. ‘ನೀವು ಹೇಳುವದೆಲ್ಲಾ ಸರಿ, ಆದರೆ ಮನೆಯಲ್ಲಿ ಜೋಳವಿಲ್ಲದಿರುವಾಗ ಮಗುವಿನ ಮನಸ್ಸನ್ನು ಕೇಳುತ್ತಾ ಕೂತಿರಬೇಕೋ?’ ಎಂದು ಒಬ್ಬ ತಂದೆಯು ಕೇಳಿದರೆ, ಅವನ ಪ್ರಶ್ನೆಯನ್ನು ತಿರಸ್ಕರಿಸುವ ಧೈರ್ಯವು ನಮಗಿಲ್ಲ. ಹಸಿವೆಯು ನಿಜ. ಹಿರಿಯ ಮಗನು ದುಡಿದರೆ ಕಿರಿಯರು ಕಲಿಯುವರೆಂಬದೂ ಎಷ್ಟೋ ಮನೆಗಳಲ್ಲಿ ನಿಜ. ಆ ಹಿರಿಯನ ತ್ಯಾಗವು ಗೌರವಕ್ಕೆ ಯೋಗ್ಯವಾದದ್ದು. ಆದರೆ ಬಡತನವನ್ನು ಲೆಕ್ಕವಾಗಿ ಹೇಳುವದು ಬೇರೆ, ಹಣೆಬರಹವಾಗಿ ಹೇಳುವದು ಬೇರೆ. ‘ಈ ಕಲಿಕೆಗೆ ಇಷ್ಟು ವರುಷ, ಇಷ್ಟು ರೊಕ್ಕ, ನಮ್ಮಲ್ಲಿ ಇರುವದು ಇಷ್ಟು, ವಿದ್ಯಾರ್ಥಿವೇತನದಿಂದ ಇಷ್ಟು ಬರಬಹುದು, ಹಾಸ್ಟೆಲಿನಲ್ಲಿ ಊಟ ವಸತಿ ಸಿಕ್ಕರೆ ಇಷ್ಟು ಉಳಿಯುವದು, ಕಡಿಮೆ ಬೀಳುವದು ಇಷ್ಟು’ ಎಂದು ಮಗುವಿನ ಮುಂದೆಯೇ ಕಾಗದದ ಮೇಲೆ ಬರೆದರೆ, ಅದರಲ್ಲಿ ಅವಮಾನವಿಲ್ಲ. ಲೆಕ್ಕವು ಇಂದು ಕೂಡದಿದ್ದರೆ ಎರಡು ವರುಷ ದುಡಿದು ತಿರುಗಿ ಕಲಿಯುವ ದಾರಿಯನ್ನಾದರೂ ಹುಡುಕಬಹುದು. ‘ಇದು ನಮ್ಮ ಹಣೆಯಲ್ಲಿ ಬರೆದಿಲ್ಲ’ ಎಂದು ಬಿಟ್ಟರೆ ಹುಡುಕುವ ಮನಸ್ಸೇ ಸಾಯುವದು.

ಲೆಕ್ಕದಲ್ಲಿ ಕಡಿಮೆ ಬೀಳುವದನ್ನು ತುಂಬುವದು ನೆರೆಯವರ ಕೆಲಸವೆಂದು ತಿಳಿದ ಒಬ್ಬ ದೊಡ್ಡ ಮನುಷ್ಯನು ಸವದತ್ತಿ ತಾಲೂಕಿನಲ್ಲಿಯೇ ಇದ್ದನು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ತೀರಿಹೋಗುವ ಮುಂಚೆ ತಮ್ಮ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಅವರ ಹೆಸರಿನ ಟ್ರಸ್ಟಿನಿಂದ ಕಲಿತು ಮುಂದೆ ಬಂದವರು ಅನೇಕರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ನಮ್ಮ ಸಭೆಗಳಲ್ಲಿ ದೇಸಾಯಿಗಳಿಲ್ಲ, ನಿಜ. ಆದರೆ ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲನ್ನು ಒಂದು ಮಗುವಿನ ಪ್ರವೇಶದ ಫೀಗಾಗಿ ತೆಗೆದಿಡಲು ದೇಸಗತಿ ಬೇಕಾಗಿಲ್ಲ.

ಕಾಗದಪತ್ರಗಳ ವಿಷಯದಲ್ಲಿ ನಮ್ಮವರಿಗೆ ಒಂದು ವಿಶೇಷವಾದ ಸಂಕಟವುಂಟು. ಅದನ್ನು ಮುಚ್ಚಿಡುವದು ಒಳ್ಳೇದಲ್ಲ. ೧೯೫೦ರ ರಾಷ್ಟ್ರಪತಿಯ ಆಜ್ಞೆಯ ಮೇರೆಗೆ, ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಎಣಿಕೆಯು ಸಲ್ಲುವದಿಲ್ಲ. ಇದು ನ್ಯಾಯವೋ ಅಲ್ಲವೋ ಎಂಬ ವಾದವು ಬೇರೆ. ಆದರೆ ಒಬ್ಬನು ದಾಖಲೆಯಲ್ಲಿ ಒಂದು, ನಡತೆಯಲ್ಲಿ ಇನ್ನೊಂದು ಆಗಿರುವಂತೆ ಮಗುವಿಗೆ ಗುಟ್ಟಾಗಿ ಬುದ್ಧಿ ಹೇಳುವವನು ಅದಕ್ಕೆ ಉಪಕಾರ ಮಾಡುವದಿಲ್ಲ. ಮುಂದೆ ವಿಚಾರಣೆಯಾದರೆ ದೊರೆತ ಕೆಲಸವೂ ಹೋಗುವದು, ಮರ್ಯಾದೆಯೂ ಹೋಗುವದು. ಹಿಂದುಳಿದ ವರ್ಗಗಳಿಗೂ ಅಲ್ಪಸಂಖ್ಯಾತರಿಗೂ ಇರುವ ವಿದ್ಯಾರ್ಥಿವೇತನ ಹಾಸ್ಟೆಲುಗಳಲ್ಲಿ ತನಗೆ ನ್ಯಾಯವಾಗಿ ಸಲ್ಲುವದು ಯಾವದೆಂದು ತಿಳಿದು, ಆದಾಯದ ಪ್ರಮಾಣಪತ್ರವನ್ನು ಎಂಟನೇ ಒಂಬತ್ತನೇ ವರ್ಗದಲ್ಲಿರುವಾಗಲೇ ಸಿದ್ಧಮಾಡಿಸುವದು ಸರಿಯಾದ ಸಹಾಯ. ಪ್ರವೇಶದ ಕಡೇ ದಿವಸದಲ್ಲಿ ಕಚೇರಿಯ ಬಾಗಿಲಿಗೆ ಓಡುವವರ ಅಳುವನ್ನು ನಾವು ಬಹಳ ಸಾರಿ ಕೇಳಿದ್ದೇವೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಹತ್ತನೇ ವರ್ಗ ಮುಗಿಸಿದ ಹುಡುಗಿಗೆ ಹದಿನೈದೋ ಹದಿನಾರೋ ವರುಷ. ಹದಿನೆಂಟರ ಒಳಗೆ ಮದುವೆ ಮಾಡುವದನ್ನು ಕಾಯಿದೆಯು ನಿಷೇಧಿಸಿದೆ. ಹಾಗಾದರೆ ನಡುವಿನ ವರುಷಗಳನ್ನು ಹತ್ತಿ ಬಿಡಿಸುವದರಲ್ಲಿ ಕಳೆಯಬೇಕೋ? ಕಿತ್ತೂರಿನಲ್ಲಿ ೧೯೬೯ರಲ್ಲಿ ಸ್ಥಾಪನೆಯಾದ ಹೆಣ್ಣುಮಕ್ಕಳ ಸೈನಿಕ ಶಾಲೆಯು ನಮ್ಮ ಕಣ್ಣ ಮುಂದೆಯೇ ಇದೆ. ಹುಡುಗಿಗೆ ಸಲಹೆ ಕೊಡುವಾಗ ‘ಗಂಡನ ಮನೆಯವರು ಒಪ್ಪುವಂಥದು’ ಎಂಬ ಅಳತೆಯಿಂದ ಕೆಲಸವನ್ನು ಆರಿಸುವವರು, ಇನ್ನೂ ಕಾಣದಿರುವ ಒಂದು ಮನೆಯನ್ನು ಕಣ್ಣ ಮುಂದಿರುವ ಮಗುವಿಗಿಂತ ಹೆಚ್ಚಾಗಿ ಎಣಿಸಿದಂತಾಯಿತು.

ಮುಂದಿನ ಕಾಲದಲ್ಲಿ ಯಾವ ಕೆಲಸ ಉಳಿಯುವದು, ಯಾವದು ಹೋಗುವದು ಎಂಬದು ಮತ್ತೊಂದು ಕಷ್ಟವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ನಮ್ಮ ಹಿಂದಿನವರ ಅನುಭವದಲ್ಲಿ ಹುಡುಕೋಣ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ೧೮೩೭ರಲ್ಲಿ ಧಾರವಾಡದಲ್ಲಿಯೂ ತರುವಾಯ ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಕೆಲಸವನ್ನು ಆರಂಭಿಸಿದರು. ಮತವನ್ನು ಬದಲಾಯಿಸಿದವರು ಮನೆಯನ್ನೂ ಕುಲಕಸಬನ್ನೂ ಒಟ್ಟಿಗೆ ಕಳಕೊಂಡದ್ದರಿಂದ, ಅವರಿಗೆ ಅನ್ನದ ದಾರಿಯನ್ನು ಮಾಡಿಕೊಡಬೇಕಾಯಿತು. ಮಂಗಳೂರಿನಲ್ಲಿ ೧೮೪೧ರಲ್ಲಿ ಅಚ್ಚುಕೂಟವೂ, ಬಳಿಕ ನೇಯ್ಗೆಯ ಕಾರ್ಖಾನೆಯೂ, ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯೂ ಹುಟ್ಟಿದ್ದು ಹೀಗೆ. ಜಾತಿಯಿಂದ ಬಾರದ ಕಸಬನ್ನು ಯಾರಾದರೂ ಕಲಿಯಬಹುದು, ಅದರಲ್ಲಿ ಗೌರವದಿಂದ ಬದುಕಬಹುದು ಎಂಬದನ್ನು ಆ ಕಾರ್ಖಾನೆಗಳು ತೋರಿಸಿಕೊಟ್ಟವು. ಆದರೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವು ಮಿಶನಿನ ಕೈಬಿಟ್ಟವು; ಸಿಮೆಂಟಿನ ಚಾವಣಿಗಳು ಹಬ್ಬಿದಂತೆ ಎಷ್ಟೋ ಹೆಂಚಿನ ಕಾರ್ಖಾನೆಗಳು ಮುಚ್ಚಿಹೋದವು. ಒಂದೇ ಕೆಲಸವನ್ನು ನಂಬಿದ್ದವರ ಮಕ್ಕಳು ತಿರುಗಿ ದಾರಿಯನ್ನು ಹುಡುಕಬೇಕಾಯಿತು.

ನಮ್ಮ ಸುತ್ತಲೂ ಇದನ್ನೇ ಕಾಣುತ್ತೇವೆ. ರಾಮದುರ್ಗದ ನೇಕಾರರ ಓಣಿಗಳಲ್ಲಿ ಕೈಮಗ್ಗದ ಸಪ್ಪಳವು ವಿದ್ಯುತ್ ಮಗ್ಗದ ಸಪ್ಪಳದಲ್ಲಿ ಮುಳುಗಿತು. ಬೈಲಹೊಂಗಲದ ಎರೆಹೊಲಗಳಲ್ಲಿ ಎತ್ತುಗಳು ಎಳೆಯುತ್ತಿದ್ದ ಕುಂಟೆಯ ಸ್ಥಳಕ್ಕೆ ಟ್ರ್ಯಾಕ್ಟರು ಬಂತು. ಈಗಲಾದರೋ ಪತ್ರ ಬರೆಯುವ, ಲೆಕ್ಕ ಇಡುವ, ಚಿತ್ರ ಬಿಡಿಸುವ ಯಂತ್ರಗಳು ಬಂದಿವೆ. ಕಚೇರಿಯ ಕುರ್ಚಿಯಲ್ಲಿ ಕೂತವನೂ ನಿರ್ಭಯನಾಗಿಲ್ಲ. ಆದದರಿಂದ ‘ಈ ಒಂದು ಕೆಲಸವನ್ನು ಕಲಿತರೆ ಸಾಯುವ ತನಕ ಚಿಂತೆಯಿಲ್ಲ’ ಎಂದು ಯಾರಿಗೂ ವಾಗ್ದಾನ ಕೊಡಕೂಡದು. ಹಾಗಾದರೆ ಮಗುವನ್ನು ಯಾವದಕ್ಕೆ ಸಿದ್ಧಮಾಡಬೇಕು? ಓದಿದ್ದನ್ನು ತಿಳಿದು ಹೇಳುವ ಶಕ್ತಿ, ತಪ್ಪಿಲ್ಲದ ಲೆಕ್ಕ, ಕನ್ನಡದ ಸಂಗಡ ಇಂಗ್ಲಿಷಿನಲ್ಲಿಯೂ ವ್ಯವಹರಿಸುವ ಧೈರ್ಯ, ಕೈಗೆ ಬಂದ ಉಪಕರಣವನ್ನು ಜೋಪಾನವಾಗಿ ಹಿಡಿಯುವ ಅಭ್ಯಾಸ, ಹೇಳಿದ ಹೊತ್ತಿಗೆ ಬರುವ ಸತ್ಯ, ಮೂವತ್ತು ವರುಷವಾದ ಮೇಲೂ ಹೊಸದನ್ನು ಕಲಿಯಲು ನಾಚದಿರುವ ಮನಸ್ಸು, ಇವು ಯಾವ ಕಸಬಿಗೆ ಹೋದರೂ ಸಂಗಡ ಬರುವವು. ಅಪೊಸ್ತಲನಾದ ಪೌಲನು ಶಾಸ್ತ್ರದಲ್ಲಿ ಪಂಡಿತನಾಗಿದ್ದು ಗುಡಾರ ಮಾಡುವ ಕಸಬನ್ನೂ ಬಲ್ಲವನಾಗಿದ್ದನು. ಒಂದು ಇನ್ನೊಂದಕ್ಕೆ ಕೊರತೆಯಾಗಲಿಲ್ಲ.

ಸಲಹೆ ಕೊಡುವ ಮಾಸ್ತರರಿಗೆ ನಾವು ಮಾಡತಕ್ಕದ್ದೇನು? ಮೊದಲನೆಯದು, ಕೆಲಸವನ್ನು ಬಲ್ಲವರನ್ನು ಅವರ ಬಳಿಗೆ ತರುವದು. ನಮ್ಮ ಸಭೆಗಳಲ್ಲಿ ನರ್ಸುಗಳುಂಟು, ಬಸ್ಸಿನ ಚಾಲಕರುಂಟು, ಗೌಂಡಿಗಳುಂಟು, ಕಾರ್ಖಾನೆಯ ಫಿಟ್ಟರರುಂಟು, ಪೋಲೀಸರುಂಟು. ಇವರು ರಜೆಗೆ ಊರಿಗೆ ಬಂದಾಗ ಮುಖ್ಯ ಮಾಸ್ತರರ ಅಪ್ಪಣೆಯನ್ನು ಪಡೆದು ಒಂದು ತಾಸು ಮಕ್ಕಳ ಮುಂದೆ ನಿಂತು, ಸಂಬಳವೆಷ್ಟು, ಶ್ರಮವೆಷ್ಟು, ಯಾವದು ಸುಖ, ಯಾವದು ದುಃಖ, ತಾನು ಮೊದಲೇ ತಿಳಿದಿದ್ದರೆ ಏನು ಬೇರೆ ಮಾಡುತ್ತಿದ್ದೆನು ಎಂಬದನ್ನು ಇದ್ದದ್ದಿದ್ದಂತೆ ಹೇಳಲಿ. ಎರಡನೆಯದು, ಮಾತನ್ನು ಫಲಿತಾಂಶದ ದಿವಸದ ವರೆಗೆ ನಿಲ್ಲಿಸದೆ ಎಂಟನೇ ವರ್ಗದಿಂದಲೇ ಆರಂಭಿಸುವದು. ಮಗುವು ಯಾವದನ್ನು ಹೇಳದೆಯೇ ಮಾಡುತ್ತದೆ, ಯಾವದರಲ್ಲಿ ಬೇಸರವಿಲ್ಲದೆ ಹೊತ್ತು ಕಳೆಯುತ್ತದೆ ಎಂಬದನ್ನು ತಾಯಿತಂದೆಗಳು ಗಮನಿಸಿ ಮಾಸ್ತರರಿಗೆ ತಿಳಿಸಲಿ. ಯಾಕಂದರೆ ಮಗುವು ಹೊಲದಲ್ಲಿಯೂ ಮನೆಯಲ್ಲಿಯೂ ಹೇಗಿರುತ್ತದೆಂಬದನ್ನು ಶಾಲೆಯು ಕಾಣದು. ಮೂರನೆಯದು, ಹೋದವರ ಸಮಾಚಾರವನ್ನು ಇಡುವದು. ಹಿಂದಿನ ವರುಷ ಹತ್ತನೇ ವರ್ಗದಿಂದ ಹೋದವರು ಎಲ್ಲಿದ್ದಾರೆ, ಯಾರು ನಡುವೆ ಬಿಟ್ಟರು, ಯಾಕೆ ಬಿಟ್ಟರು ಎಂಬದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ, ಮುಂದೆ ಸಲಹೆ ಕೊಡುವವನಿಗೆ ಅದಕ್ಕಿಂತ ಒಳ್ಳೇ ಗುರುವಿಲ್ಲ. ನಾಲ್ಕನೆಯದು, ದೂರವನ್ನು ಕಡಿಮೆಮಾಡುವದು. ರಾಮದುರ್ಗದಿಂದ ಬೆಳಗಾವಿಯು ಸುಮಾರು ನೂರು ಕಿಲೋಮೀಟರು. ಅಲ್ಲಿಯ ಕಾಲೇಜನ್ನೂ ಕಾರ್ಖಾನೆಯನ್ನೂ ಒಮ್ಮೆಯೂ ಕಾಣದ ಮಗುವು ಅದನ್ನು ಹೇಗೆ ಆರಿಸಿಕೊಳ್ಳುವದು? ವರುಷಕ್ಕೊಂದು ಸಾರಿ ಮಕ್ಕಳನ್ನು ಕರಕೊಂಡು ಹೋಗುವ ಮಾಸ್ತರರಿಗೆ ಬಸ್ಸಿನ ಖರ್ಚನ್ನು ಊರವರು ಕೂಡಿಸಿಕೊಡುವದು ದೊಡ್ಡ ಮಾತಲ್ಲ.

ಕಡೆಗೆ, ನಿರ್ಣಯವು ಯಾರದು ಎಂಬ ಪ್ರಶ್ನೆಗೆ ಬರುವೆವು. ತಿಳುವಳಿಕೆಯುಳ್ಳವನು ತಿಳುವಳಿಕೆಯಿಲ್ಲದವನಿಗೆ ಸುಮ್ಮನೆ ಆಜ್ಞೆ ಕೊಟ್ಟರೆ ಕೆಲಸವು ಬೇಗ ಮುಗಿಯುವದೆಂದು ತೋರುವದು. ಆದರೆ ಆ ಕೆಲಸದಲ್ಲಿ ಬೆಳಿಗ್ಗೆ ಏಳಬೇಕಾದವನು, ಬೆವರು ಸುರಿಸಬೇಕಾದವನು, ಬೇಸರವನ್ನು ತಾಳಬೇಕಾದವನು ಸಲಹೆ ಕೊಟ್ಟವನಲ್ಲ. ಭಾರವನ್ನು ಹೊರುವವನಿಗೆ ಭಾರವನ್ನು ಆರಿಸುವ ಹಕ್ಕುಂಟು. ಮಗುವು ನಮ್ಮ ಮಾತನ್ನು ಕೇಳಿ, ತೂಗಿ, ನಾವು ಮೆಚ್ಚದ ದಾರಿಯನ್ನು ಹಿಡಿದರೂ, ಅದು ಕಣ್ಣು ತೆರೆದು ಹಿಡಿದದ್ದಾದರೆ ನಮ್ಮ ಕೆಲಸವು ಕೆಟ್ಟುಹೋಗಲಿಲ್ಲ. ಅದು ಎಡವಿದಾಗ ‘ನಾನು ಮೊದಲೇ ಹೇಳಿದ್ದೆನು’ ಎಂದು ಹೇಳದೆ, ಇನ್ನೊಂದು ದಾರಿಯನ್ನು ಹುಡುಕಲು ಸಂಗಡ ಕೂತುಕೊಳ್ಳುವದೂ ದಾರಿ ತೋರಿಸುವವನ ಹೊಣೆಯಲ್ಲಿ ಸೇರಿದೆ.

ಆದದರಿಂದ ವಾಚಕರೇ, ಈ ಸಾರಿ ಶಾಲೆಗಳು ತೆರೆಯುವಾಗ ನಿಮ್ಮ ಊರಿನಿಂದ ಒಂಬತ್ತನೇ ಹತ್ತನೇ ವರ್ಗಕ್ಕೆ ಹೋಗುವ ಮಕ್ಕಳು ಎಷ್ಟು ಮಂದಿ ಎಂದು ಎಣಿಸಿರಿ. ಹಳ್ಳಿಯಲ್ಲಿ ಅವರು ಬೆರಳಿನಿಂದ ಎಣಿಸುವಷ್ಟೇ ಇರುವರು. ಅವರ ಮಾಸ್ತರರನ್ನೂ ಬಾಯಿಯವರನ್ನೂ ಒಂದು ಸಾಯಂಕಾಲ ಕಂಡು, ‘ಈ ಮಕ್ಕಳಿಗೆ ದಾರಿ ಹೇಳುವದರಲ್ಲಿ ನಾವು ನಿಮಗೆ ಯಾವ ಸಹಾಯ ಮಾಡೋಣ?’ ಎಂದು ಕೇಳಿರಿ. ಆ ಮಾತನ್ನು ಅವರಿಗೆ ಇದುವರೆಗೆ ಕೇಳಿದವರು ಬಹು ಕಡಿಮೆ.